ಪಿಯುಸಿಯಲ್ಲಿ ಸಾಧಾರಣ ಅಂಕ: ಬಿ.ಎಸ್ಸಿ. ನರ್ಸಿಂಗ್ ಓದಲು ನನ್ನಿಂದ ಆಗುತ್ತದೆಯೇ?

ಪ್ರಶ್ನೆ: ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಪಿಯುಸಿಗೆ ವಿಜ್ಞಾನ ವಿಭಾಗವನ್ನು ಸೇರಿದೆ. ಈ ವರ್ಷ ದ್ವಿತೀಯ ಪಿಯುಸಿ ಮುಗಿದಿದ್ದು, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಸೇರಿ ಶೇಕಡಾ 53 ಅಂಕಗಳು ಬಂದಿವೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಕೆಸಿಇಟಿ ಬರೆದಿದ್ದೇನೆ, ಆದರೆ ಒಳ್ಳೆಯ ರ‍್ಯಾಂಕ್ ಬರುವ ಭರವಸೆಯಿಲ್ಲ.

ನರ್ಸಿಂಗ್ ಓದಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಆದರೆ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿರುತ್ತದೆ, ಚೆನ್ನಾಗಿ ಓದುವವರೇ ಮೊದಲ ವರ್ಷ ಅನುತ್ತೀರ್ಣರಾಗುತ್ತಾರೆ, ಸುಮ್ಮನೆ ಬಿ.ಎ. ಸೇರಿಕೋ ಎಂದು ನೆಂಟರು ಹೇಳುತ್ತಿದ್ದಾರೆ. ಅಪ್ಪ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತರು. ಸಾಲ ಮಾಡಿ ಸೇರಿಸಿದ ಮೇಲೆ ನಾನು ಅರ್ಧಕ್ಕೆ ಬಿಟ್ಟು ಬಂದರೆ ಅವರ ಗತಿಯೇನು ಎಂಬ ಭಯ ಕಾಡುತ್ತಿದೆ. ನನ್ನಂಥ ಸಾಧಾರಣ ವಿದ್ಯಾರ್ಥಿಗೆ ಇದು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನರ್ಸಿಂಗ್ ಕಾಲೇಜಿನ ಬೋಧಕಿ

ಮೊದಲು ಅರ್ಹತೆಯ ವಿಚಾರವನ್ನು ಮುಗಿಸಿಬಿಡೋಣ. ಬಿ.ಎಸ್ಸಿ. ನರ್ಸಿಂಗ್‌ಗೆ ನೀವು ಹೇಳಿದ ನಾಲ್ಕೂ ವಿಷಯಗಳಲ್ಲಿ ಉತ್ತೀರ್ಣರಾಗಿ, ಇಂಗ್ಲಿಷ್ ಬಿಟ್ಟು ಉಳಿದ ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇಕಡಾ 45 ಅಂಕ ಪಡೆದಿದ್ದರೆ ಸಾಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 40. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಆದ್ದರಿಂದ ಬಾಗಿಲು ನಿಮಗೆ ತೆರೆದೇ ಇದೆ. ರ‍್ಯಾಂಕ್ ಹೇಗೇ ಬಂದರೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸೀಟು ಹಂಚಿಕೆಯಲ್ಲಿ ಕಡ್ಡಾಯವಾಗಿ ಭಾಗವಹಿಸಿ, ಏಕೆಂದರೆ ಸರ್ಕಾರಿ ಕೋಟಾದ ಶುಲ್ಕಕ್ಕೂ ಆಡಳಿತ ಮಂಡಳಿಯ ಸೀಟಿನ ಶುಲ್ಕಕ್ಕೂ ಇರುವ ಅಂತರ ನಿಮ್ಮ ತಂದೆಯವರಿಗೆ ಬಹಳ ದೊಡ್ಡದು.

ಇನ್ನು ಓದಿನ ಮಾತು. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಪಠ್ಯಕ್ರಮವನ್ನು ಪರಿಷ್ಕರಿಸಿದ ಮೇಲೆ ನಾಲ್ಕು ವರ್ಷಗಳ ಪದವಿ ಎಂಟು ಸೆಮಿಸ್ಟರ್‌ಗಳಾಗಿದೆ. ಮೊದಲ ಸೆಮಿಸ್ಟರ್‌ನಲ್ಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳ ಜೊತೆಗೆ ನರ್ಸಿಂಗ್‌ನ ಬುನಾದಿ ಪಾಠಗಳು ಬರುತ್ತವೆ. ಉತ್ತೀರ್ಣರಾಗಲು ಶೇಕಡಾ 50 ಬೇಕು, ಅದೂ ಥಿಯರಿ ಮತ್ತು ಪ್ರಾಯೋಗಿಕ ಪರೀಕ್ಷೆಗಳಲ್ಲಿ ಪ್ರತ್ಯೇಕವಾಗಿ. ಪಿಯುಸಿಯಲ್ಲಿ ಬರೀ ಉತ್ತೀರ್ಣದ ಅಂಕಕ್ಕೆ ಸಮಾಧಾನಪಟ್ಟುಕೊಂಡವರು ಎಡವುವುದು ಇಲ್ಲಿಯೇ.

ಕನ್ನಡ ಮಾಧ್ಯಮದ ಮಕ್ಕಳಲ್ಲಿ ನಾನು ಕಂಡ ತೊಂದರೆ ತಿಳಿವಳಿಕೆಯದಲ್ಲ, ಬರವಣಿಗೆಯದು. ಹೃದಯದ ನಾಲ್ಕು ಕೋಣೆಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ಬಾಯಲ್ಲಿ ಸೊಗಸಾಗಿ ವಿವರಿಸುವ ಹುಡುಗಿ ಉತ್ತರಪತ್ರಿಕೆಯಲ್ಲಿ ನಾಲ್ಕು ಸಾಲು ಬರೆಯಲು ಒದ್ದಾಡುತ್ತಾಳೆ. ಇದಕ್ಕೆ ಅಡ್ಡದಾರಿಯಿಲ್ಲ, ಆದರೆ ಖಚಿತವಾದ ದಾರಿಯಿದೆ: ಅಂದಿನ ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಂಡು, ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ಅದರಲ್ಲೇ ಒಂದು ಉತ್ತರವನ್ನು ಪುಸ್ತಕ ಮುಚ್ಚಿಟ್ಟು ಸರಳ ಇಂಗ್ಲಿಷಿನಲ್ಲಿ ಬರೆಯುವುದು. ಇದನ್ನು ಮೊದಲ ವಾರದಿಂದಲೇ ಹಿಡಿದವರು ಎರಡನೆಯ ಸೆಮಿಸ್ಟರ್ ಹೊತ್ತಿಗೆ ಉಳಿದವರಿಗೆ ಸರಿಸಮನಾಗಿ ನಿಲ್ಲುತ್ತಾರೆ.

ಉತ್ತರ: ಜಿಲ್ಲಾ ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿ

ತಂಗಿ, ಮೇಡಂ ಪರೀಕ್ಷೆಯ ಬಗ್ಗೆ ಹೇಳಿದ್ದಾರೆ. ನಾನು ವಾರ್ಡಿನ ಬಗ್ಗೆ ಹೇಳುತ್ತೇನೆ. ಸಾಧಾರಣ ಅಂಕ ಪಡೆದವರೂ ಅತ್ಯುತ್ತಮ ನರ್ಸ್ ಆಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಇಲ್ಲಿ ಓದಿನ ಅಗತ್ಯವೇ ಇಲ್ಲ, ಸೇವಾಮನೋಭಾವ ಇದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡ.

ಒಂದು ಉದಾಹರಣೆ ಕೊಡುತ್ತೇನೆ. ವೈದ್ಯರು 500 ಮಿಲಿಲೀಟರ್ ಸಲೈನನ್ನು 4 ಗಂಟೆಯಲ್ಲಿ ಹಾಕಲು ಬರೆದಿದ್ದಾರೆ, ನಿನ್ನ ಕೈಯಲ್ಲಿರುವ ಡ್ರಿಪ್ ಸೆಟ್‌ನಲ್ಲಿ ಒಂದು ಮಿಲಿಲೀಟರಿಗೆ 20 ಹನಿಗಳು ಎಂದುಕೊ. 500ನ್ನು 20ರಿಂದ ಗುಣಿಸಿ 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಲೆಕ್ಕ ಎಂಟನೆಯ ತರಗತಿಯದು. ಆದರೆ ಅದನ್ನು ರಾತ್ರಿ ಪಾಳಿಯಲ್ಲಿ, ಪಕ್ಕದ ಹಾಸಿಗೆಯ ರೋಗಿ ಕೂಗುತ್ತಿರುವಾಗ, ತಪ್ಪಿಲ್ಲದೆ ಮಾಡಬೇಕು. ಹಾಗೆಯೇ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಔಷಧವನ್ನು ದ್ರವದಲ್ಲಿ ಬೆರೆಸಿ ನಿಧಾನವಾಗಿ ಕೊಡಬೇಕೇ ಹೊರತು ನೇರವಾಗಿ ರಕ್ತನಾಳಕ್ಕೆ ಚುಚ್ಚುವಂತಿಲ್ಲ, ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಏಕೆ ಎಂಬುದಕ್ಕೆ ಉತ್ತರ ನೀನು ಪಿಯುಸಿಯ ಜೀವಶಾಸ್ತ್ರದಲ್ಲಿ ಓದಿದ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳ ಪಾಠದಲ್ಲಿಯೇ ಇದೆ. ಆ ಪಾಠದಲ್ಲಿ ನಿನಗೆ ಎಷ್ಟು ಅಂಕ ಬಂದಿತ್ತೆಂದು ವಾರ್ಡಿನಲ್ಲಿ ಯಾರೂ ಕೇಳುವುದಿಲ್ಲ. ಈಗ ಅದು ನಿನಗೆ ಅರ್ಥವಾಗಿದೆಯೇ ಎಂಬುದಷ್ಟೇ ಮುಖ್ಯ. ಗೊತ್ತಿಲ್ಲದಿದ್ದಾಗ ನಿಂತು ಕೇಳುವ, ಔಷಧದ ಚೀಟಿಯನ್ನು ಮತ್ತೊಮ್ಮೆ ಓದುವ ಸ್ವಭಾವ ನಿನಗಿದ್ದರೆ ಧೈರ್ಯವಾಗಿ ಬಾ.

ಮಲಮೂತ್ರ, ರಕ್ತ, ಗಾಯಗಳನ್ನು ನೋಡಿ ಹಿಂಜರಿಕೆಯಾಗುವುದು ಆರಂಭದಲ್ಲಿ ಎಲ್ಲರಿಗೂ ಸಹಜ. ಅದಕ್ಕಾಗಿ ಯಾರೂ ಓದು ಬಿಡಬೇಕಾಗಿಲ್ಲ.

ಉತ್ತರ: ಆರನೆಯ ಸೆಮಿಸ್ಟರ್ ವಿದ್ಯಾರ್ಥಿ

ನಾನೂ ಕನ್ನಡ ಮಾಧ್ಯಮದವನು, ಪಿಯುಸಿ ಅಂಕಗಳು ಹೆಚ್ಚುಕಡಿಮೆ ನಿಮ್ಮಷ್ಟೇ. ಅಂಕಗಳಿಗಿಂತ ಕಾಲೇಜಿನ ಆಯ್ಕೆಯ ಬಗ್ಗೆ ಹೆಚ್ಚು ಯೋಚಿಸಿ ಎಂಬುದು ನನ್ನ ಕಳಕಳಿಯ ಮನವಿ. ಫಲಿತಾಂಶ ಬಂದ ಕೂಡಲೇ ಏಜೆಂಟರು ಕರೆ ಮಾಡುತ್ತಾರೆ; ತರಗತಿಗೆ ಬರದಿದ್ದರೂ ಹಾಜರಾತಿ ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಅಂಥವರ ಮಾತಿಗೆ ಮುಂಗಡ ಹಣ ಕೊಡಬೇಡಿ, ಮೂಲ ಅಂಕಪಟ್ಟಿಗಳನ್ನಂತೂ ಅವರ ಕೈಗೆ ಒಪ್ಪಿಸಲೇಬೇಡಿ. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಾತಿ ಬೇಕೆಂಬ ನಿಯಮವಿದೆ, ಪದವಿ ಪಡೆಯುವ ಮುನ್ನ ಪ್ರಾಯೋಗಿಕ ತರಬೇತಿಯ ಹಾಜರಾತಿ ಪೂರ್ತಿ ನೂರಾಗಿರಬೇಕು. ವಾರ್ಡಿಗೆ ಹೋಗದೆ ಪದವಿ ಪಡೆದವನು ರೋಗಿಯ ಮುಂದೆ ನಿಂತು ಏನು ಮಾಡಬಲ್ಲ?

ಸೇರುವ ಮೊದಲು ಅಪ್ಪನ ಜೊತೆ ಕಾಲೇಜಿಗೇ ಹೋಗಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ರಾಜ್ಯ ಮತ್ತು ಭಾರತೀಯ ನರ್ಸಿಂಗ್ ಪರಿಷತ್ತುಗಳ ಮಾನ್ಯತೆ ಇದೆಯೇ ಎಂದು ಕೇಳಿ, ದಾಖಲೆ ನೋಡಿ. ಅದಕ್ಕಿಂತ ಮುಖ್ಯವಾಗಿ, ಆ ಕಾಲೇಜಿನ ವಿದ್ಯಾರ್ಥಿಗಳು ತರಬೇತಿ ಪಡೆಯುವ ಆಸ್ಪತ್ರೆಗೆ ಹೋಗಿ ಹಾಸಿಗೆಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂದು ನೋಡಿ ಬನ್ನಿ. ಕಟ್ಟಡ ಎಷ್ಟೇ ಚೆಂದವಿದ್ದರೂ ಖಾಲಿ ವಾರ್ಡಿನಲ್ಲಿ ಏನನ್ನೂ ಕಲಿಯಲಾಗುವುದಿಲ್ಲ.

ಮರುಪ್ರಶ್ನೆ: ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸರ್ಕಾರಿ ಕೋಟಾದ ಸೀಟು ಸಿಗದಿದ್ದರೆ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಸೇರಬಹುದೇ? ಅದನ್ನು ಸೇರಿದರೆ ಮುಂದೆ ಪದವಿಯ ದಾರಿ ಮುಚ್ಚಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಅಕ್ಕ, ನಿಮ್ಮ ಅಭಿಪ್ರಾಯವೇನು?

ಉತ್ತರ: ಜಿಲ್ಲಾ ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿ

ಮುಚ್ಚುವುದಿಲ್ಲ. ಜಿಎನ್‌ಎಂ ಮೂರು ವರ್ಷಗಳ ಡಿಪ್ಲೊಮಾ. ಅದನ್ನು ಮುಗಿಸಿ ರಾಜ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು, ನನ್ನ ಜೊತೆ ಕೆಲಸ ಮಾಡುವ ಹಲವರು ಬಂದಿರುವುದು ಅದೇ ದಾರಿಯಲ್ಲಿ. ಆದರೂ ನೇರ ಪದವಿಯ ಸೀಟು ಕೈಗೆಟುಕಿದರೆ ಅದನ್ನೇ ಹಿಡಿ ಎನ್ನುತ್ತೇನೆ. ಏಮ್ಸ್ ಆಸ್ಪತ್ರೆಗಳಿಗೆ ಶುಶ್ರೂಷಾಧಿಕಾರಿಗಳನ್ನು ನೇಮಿಸುವ ನಾರ್ಸೆಟ್ ಪರೀಕ್ಷೆಯನ್ನು ಬಿ.ಎಸ್ಸಿ. ಮುಗಿಸಿ ನೋಂದಣಿಯಾದವರು ಕೂಡಲೇ ಬರೆಯಬಹುದು, ಜಿಎನ್‌ಎಂ ಮುಗಿಸಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷಗಳ ಅನುಭವ ಬೇಕು. ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೂ, ಹೊರದೇಶಕ್ಕೆ ಹೋಗುವುದಿದ್ದರೂ ಪದವಿ ಹೆಚ್ಚು ಅನುಕೂಲ.

ಹಣದ ವಿಚಾರದಲ್ಲಿ ಅಪ್ಪನಿಗೆ ಒಂದು ಮಾತು ಹೇಳು. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ನಮ್ಮ ದುಡಿಮೆಗೆ ತಕ್ಕಷ್ಟು ಇರುವುದಿಲ್ಲ; ಇದು ನನಗೆ ಬಹಳ ನೋವಿನ ಸಂಗತಿ, ಮಕ್ಕಳಿಂದ ಮುಚ್ಚಿಡಬೇಕಾದ ವಿಷಯವೂ ಅಲ್ಲ. ಆದ್ದರಿಂದ ಮೊದಲ ಕೆಲಸದಿಂದಲೇ ದೊಡ್ಡ ಸಾಲ ತೀರುತ್ತದೆ ಎಂದು ಲೆಕ್ಕ ಹಾಕಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಟ್ಟುಕೊಂಡು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಮ್ಮ ವರ್ಗಕ್ಕೆ ಅನ್ವಯಿಸುವ ನಿಗಮದಲ್ಲಿ ಅರಿವು ಶೈಕ್ಷಣಿಕ ಸಾಲ ಸಿಗುತ್ತದೆಯೇ ಎಂದು ವಿಚಾರಿಸಿ. ಬ್ಯಾಂಕಿಗೆ ಹೋಗುವುದು ಅದಾದ ಮೇಲೆ. ಕೆಇಎ ದಾಖಲೆ ಪರಿಶೀಲನೆಗೆ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳೂ ಬೇಕಾಗುತ್ತವೆ. ಶಾಲೆಯಲ್ಲಿ ಅವುಗಳನ್ನು ಈ ವಾರವೇ ಕೇಳಿ ಪಡೆದುಕೊ.