ಲಿನಕ್ಸ್ ಫ್ರೀ ಅಂದಮೇಲೆ ಈ ಬಿಲ್ ಯಾಕೆ?

ಪ್ರಶ್ನೆ: ಸರ್, ನಮ್ಮದು ಚಿಕ್ಕ ಪತ್ತಿನ ಸೊಸೈಟಿ. ಹಳೇ ಸರ್ವರ್ ಸೆಂಟ್‌ಓಎಸ್ 7 ಎಂಬ ಪುಕ್ಕಟೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿದೆ. ಅದನ್ನು ತೆಗೆದು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಹಾಕಲು ವೆಂಡರ್ ಕೊಟೇಶನ್ ಕೊಟ್ಟಿದ್ದಾರೆ. ಅದರಲ್ಲಿ ‘ಲಿನಕ್ಸ್ ಲೈಸೆನ್ಸ್ ಫೀ’ ಅಂತ ಇದೆ, ವರ್ಷ ವರ್ಷ ಕಟ್ಟಬೇಕಂತೆ. ಲಿನಕ್ಸ್‌ಗೆ ಇರುವುದು ಜಿಪಿಎಲ್, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಅನ್ನುವ ಲೈಸೆನ್ಸ್ ಅಲ್ಲವಾ? ಅಂಥದ್ದನ್ನು ಮಾರಬಹುದಾ? ಒಂದಕ್ಕೆ ದುಡ್ಡು ಕೊಟ್ಟು ನಾಲ್ಕು ಸರ್ವರ್‌ಗೆ ಹಾಕಿಕೊಂಡರೆ?

ಉತ್ತರ: ಧಾರಾಳವಾಗಿ ಮಾರಬಹುದು ಮೇಡಂ. ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ಇಮ್ಯಾಕ್ಸ್ ಎಡಿಟರನ್ನು ಟೇಪಿಗೆ ತುಂಬಿ 150 ಡಾಲರಿಗೆ ಮಾರುತ್ತಿದ್ದರು. ಇಂಗ್ಲಿಷಿನವರಿಗೆ ಎರಡಕ್ಕೂ ‘ಫ್ರೀ’ ಒಂದೇ ಪದ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ.

ಪ್ರೋಗ್ರಾಂ ಕೊಟ್ಟವರು ಅದರ ಸೋರ್ಸ್ ಕೋಡನ್ನೂ (ಪ್ರೋಗ್ರಾಮರ್ ಬರೆದ ಮೂಲ ಬರಹ) ಕೊಡಬೇಕು, ಪಡೆದವರು ಅದನ್ನು ತಿದ್ದಿದರೆ, ಹಂಚಿದರೆ ತಡೆಯಬಾರದು. ಜಿಪಿಎಲ್ ಕೇಳುವುದು ಇಷ್ಟು. ಗಿರಾಕಿಗೆ ಜೊತೆಯಲ್ಲೇ ಸೋರ್ಸ್ ಕೊಟ್ಟರೆ ಊರಿಗೆಲ್ಲ ಹಂಚಬೇಕಿಲ್ಲ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಇದನ್ನೇ ಹಿಡಿದುಕೊಂಡಿತು. ಅಲ್ಲಿಯವರೆಗೆ ಎಲ್ಲರಿಗೂ ತೆರೆದಿದ್ದ ಸೋರ್ಸ್ ಗಿರಾಕಿಗಳಿಗೆ ಮಾತ್ರ ಎಂದಾಯಿತು. ಉಳಿದವರಿಗೆ ಸೆಂಟ್‌ಓಎಸ್ ಸ್ಟ್ರೀಮ್, ಅಂದರೆ ರೆಡ್ ಹ್ಯಾಟ್‌ನ ಮುಂದಿನ ಆವೃತ್ತಿಗೆ ತಯಾರಾಗುತ್ತಿರುವ ರೂಪದ ಸೋರ್ಸ್ ಮಾತ್ರ.

ನಾಲ್ಕು ಸರ್ವರ್ ವಿಷಯ ಸ್ವಲ್ಪ ಜಟಿಲ. ಜಿಪಿಎಲ್ ಬೇಡ ಅನ್ನುವುದಿಲ್ಲ. ಆದರೆ ರೆಡ್ ಹ್ಯಾಟ್ ಜೊತೆ ನೀವು ಸಹಿ ಹಾಕುವ ವರ್ಷದ ಚಂದಾ ಒಪ್ಪಂದ ನಾಲ್ಕಕ್ಕೂ ಲೆಕ್ಕ ಕೇಳುತ್ತದೆ. ಮುರಿದರೆ ಅವರು ಚಂದಾ ನಿಲ್ಲಿಸಬಹುದು. ಆಗ ‘ಡಿಎನ್‌ಎಫ್ ಅಪ್‌ಡೇಟ್’ ಎಂಬ ಕಮಾಂಡ್ ಹೊಡೆದರೆ ಹೊಸ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಬರುವುದಿಲ್ಲ. ಸರ್ವರ್ ಮಾತ್ರ ಓಡುತ್ತಲೇ ಇರುತ್ತದೆ. ಹೀಗೆ ಚಂದಾ ನಿಲ್ಲಿಸುವುದು ಜಿಪಿಎಲ್‌ಗೆ ವಿರುದ್ಧ ಎಂದು ಜಗಳ ಇನ್ನೂ ಇದೆ. ನನ್ನ ಕೇಳಿದರೆ, ಅಕ್ಷರಕ್ಕೆ ಸರಿ, ಆಶಯಕ್ಕೆ ಅಲ್ಲ.

ಪ್ರಶ್ನೆ: ಹಾಗಾದರೆ ದುಡ್ಡು ಕೊಡುವುದು ಯಾತಕ್ಕೆ ಸರ್?

ಉತ್ತರ: ವರ್ಷಗಟ್ಟಲೆ ಬರುವ ಪ್ಯಾಚಿಗೆ, ಕೆಟ್ಟಾಗ ಫೋನ್ ಎತ್ತುವವರಿಗೆ. ‘ಲೈಸೆನ್ಸ್ ಫೀ’ ಅನ್ನುವುದೇ ತಪ್ಪು ಹೆಸರು. ಸ್ಟಾಂಡರ್ಡ್ ಚಂದಾ ಆದರೆ ಆಫೀಸ್ ವೇಳೆಯಲ್ಲಿ ಮಾತ್ರ ಸಹಾಯ. ದೊಡ್ಡ ತೊಂದರೆಗೆ ರಾತ್ರಿ ಎರಡಕ್ಕೂ ಸಿಗುವುದು ಪ್ರೀಮಿಯಂನಲ್ಲಿ. ಯಾವುದು, ಎಷ್ಟು ಸರ್ವರ್‌ಗೆ ಎಂದು ಬಿಡಿಸಿ ಬರೆಸಿಕೊಳ್ಳಿ.

ಲಿನಕ್ಸ್ ಬಲ್ಲ ಹುಡುಗ ಒಬ್ಬ ನಿಮ್ಮಲ್ಲೇ ಇದ್ದರೆ ರೆಡ್ ಹ್ಯಾಟ್‌ಗೆ ಹೊಂದುವಂತೆ ಬೇರೆಯವರು ಕಟ್ಟುವ ಆಲ್ಮಾ ಅಥವಾ ರಾಕಿ ಲಿನಕ್ಸ್ ಸಾಕು, ಒಂದು ಪೈಸೆ ಕೊಡಬೇಕಿಲ್ಲ. ಆದರೆ ಸುಮ್ನೆ ಯೋಚಿಸುತ್ತಾ ಕೂರಬೇಡಿ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಪ್ಯಾಚ್ ನಿಂತಿದೆ.

ಪ್ರಶ್ನೆ: ಹುಡುಗ ಇದ್ದ ಸರ್, ಹೋದ ತಿಂಗಳು ಬೆಂಗಳೂರಿಗೆ ಹೋದ.

ಉತ್ತರ: ಹಾಗಿದ್ದರೆ ಚಂದಾ ಕಟ್ಟಿಬಿಡಿ ಮೇಡಂ.