ಕಲ್ಲಾದ ಸಕ್ಕರೆ: ಪುಟ್ಟಿಗೆ ದೊಡ್ಡಮ್ಮನ ಉದ್ದದ ಉತ್ತರ

ಪುಟ್ಟೀ, ನಾನು ದೊಡ್ಡಮ್ಮ. ಟೈಪ್ ಮಾಡೋಕಾಗಲ್ಲ ಕಣೆ, ಕೈಯೆಲ್ಲ ಅಕ್ಕಿಹಿಟ್ಟಾಗಿದೆ, ಅದಕ್ಕೆ ಮಾತಾಡಿ ಕಳಿಸ್ತಿದೀನಿ. ಉದ್ದ ಆಗತ್ತೆ. ಬೇಜಾರಾದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳು, ನಿಮ್ಮ ದೊಡ್ಡಪ್ಪ ನನ್ನ ಮಾತನ್ನ ಹಾಗೇ ಕೇಳೋದು.

ಬೆಳಗ್ಗೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಫೋಟೋ ಹಾಕಿದ್ಯಲ್ಲ, ಬಾಣಂತನ ಮುಗಿಸ್ಕೊಂಡು ಮೂರು ತಿಂಗಳಾದ್ಮೇಲೆ ಬಂದು ಬೀಗ ತೆಗೆದ್ರೆ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಕೆಜಿ ಸಕ್ಕರೆ ಒಂದೇ ಬಂಡೆ ಆಗಿ ಕೂತಿದೆ, ಏನ್ಮಾಡ್ಲಿ ಅಂತ. ಚಿಕ್ಕಪ್ಪ "ಹಳೇದು, ಬಿಸಾಕು" ಅಂದುಬಿಟ್ರು. ನಿಮ್ಮ ಭಾವ ಯಾವುದೋ "ಹಳೇ ಸಕ್ಕರೆಗೆ 25 ಉಪಯೋಗ" ಅನ್ನೋ ಫಾರ್ವರ್ಡ್ ತಂದು ಸುರಿದ್ರು. ಅದರಲ್ಲಿ ಮುಖ ತಿಕ್ಕಿ, ಹಲ್ಲು ತಿಕ್ಕಿ, ಬೂಟು ತಿಕ್ಕಿ ಅಂತ ಬರೀ ತಿಕ್ಕೋದೇ ಇದೆ. ಭಾವ, ಬೇಜಾರು ಮಾಡ್ಕೋಬೇಡಿ, ಆದ್ರೆ ತಿನ್ನೋ ಸಕ್ಕರೇನ ಬೂಟಿಗೆ ಯಾಕೆ ಹಾಕ್ಬೇಕು?

ಸಕ್ಕರೆ ಕೆಟ್ಟಿಲ್ಲ ಪುಟ್ಟಿ. ಒಣಗಿರೋ ಸಕ್ಕರೆಯಲ್ಲಿ ಬೂಷ್ಟು ಹಿಡಿಯೋಕೆ ಬೇಕಾದಷ್ಟು ನೀರೇ ಇರಲ್ಲ. ಇರೋ ಚೂರುಪಾರು ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಳ್ಳತ್ತೆ, ಅದಕ್ಕೇ ತಾನೆ ನಾವು ಹಣ್ಣನ್ನ ಸಕ್ಕರೆಗೆ ಹಾಕಿ ಜಾಮ್ ಮಾಡಿ ವರ್ಷಗಟ್ಟಲೆ ಇಡೋದು. ಮತ್ತೆ ಕಲ್ಲು ಯಾಕಾಯ್ತು ಅಂತೀಯ? ಗಾಳಿಯಲ್ಲಿ ತೇವ ಸುಮಾರು 85 ಪರ್ಸೆಂಟ್ ದಾಟೋವರೆಗೂ ಬಿಳಿ ಸಕ್ಕರೆ ಅಷ್ಟಾಗಿ ನೀರು ಎಳ್ಕೊಳ್ಳಲ್ಲ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಲ್ಲಿ ಮುಚ್ಚಳ ತೆಗೆದಿಟ್ರೂ ಉದುರುದುರಾಗೇ ಇರತ್ತೆ. ಆದ್ರೆ ಜುಲೈ, ಆಗಸ್ಟ್ ಬೆಳಗಿನ ಜಾವದಲ್ಲಿ ಆ ತೇವ ಬರತ್ತೆ, ಅದೂ ಬೀಗ ಹಾಕಿದ ಮನೇಲಿ. ಆಗ ಹರಳಿನ ಮೇಲ್ಮೈ ಒಂಚೂರು ಕರಗತ್ತೆ. ಮಧ್ಯಾಹ್ನ ಬಿಸಿಲು ಬಂದ್ರೆ ಒಣಗತ್ತೆ, ಒಣಗೋವಾಗ ಪಕ್ಕದ ಹರಳಿಗೆ ಅಂಟ್ಕೊಂಡೇ ಒಣಗತ್ತೆ. ದಿನಾ ಇದೇ ಆಟ ಆದ್ರೆ ಮೂರು ತಿಂಗಳಿಗೆ ಗಾರೆ ಹಾಕಿದ ಹಾಗೆ. ಕಲ್ಲುಸಕ್ಕರೆ ಬೇರೆ ಕಥೆ, ಅದು ಪಾಕದೊಳಗೆ ನಿಧಾನವಾಗಿ ಬೆಳೆದ ದೊಡ್ಡ ಹರಳು. ನಿಂದು ಸಣ್ಣ ಹರಳುಗಳ ಕೂಡುಕುಟುಂಬ.

ಬಣ್ಣ ಒಂಚೂರು ಹಳದಿ ಕಾಣ್ತಿದೆ ಫೋಟೋದಲ್ಲಿ, ಅದಕ್ಕೂ ಹೆದರಬೇಡ. ನಾನು ಮಂಡ್ಯ ಕಡೆಯವಳು, 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗಿನ ಕಥೆ ಕೇಳಿಕೊಂಡೇ ಬೆಳೆದಿದ್ದು. ನಮ್ಮ ಕಡೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ ತಿಳಿ ಮಾಡೋದು ವಾಡಿಕೆ. ಆ ಸಕ್ಕರೆ ಹಳೇದಾಗ್ತಾ ಹಳದಿಗೆ ತಿರುಗತ್ತೆ.

ಈಗ ಒಂದು ಕೆಲಸ ಮಾಡು. ಮೂಲೆಯಿಂದ ಒಂದು ಚಮಚದಷ್ಟು ಕೆರೆದು ಗಾಜಿನ ಲೋಟದಲ್ಲಿ ಬಿಸಿನೀರಿಗೆ ಹಾಕು. ಕರಗಿದ್ಮೇಲೆ ಬೆಳಕಿಗೆ ಹಿಡಿದು ನೋಡು, ಮೂಸಿ ನೋಡು. ನೀರು ತಿಳಿಯಾಗಿದ್ದು, ಕೆಟ್ಟ ವಾಸನೆ ಇಲ್ಲದಿದ್ರೆ ಅಡುಗೆಗೆ ಬರತ್ತೆ. ಒಂದೆರಡು ಇರುವೆ ತೇಲಿದ್ರೆ ಸೋಸಿದ್ರಾಯ್ತು. ಸೋಪಿನ ವಾಸನೆನೋ, ಜಿರಲೆ ವಾಸನೆನೋ, ಡಬ್ಬಿ ತಳದ ತುಕ್ಕೋ ಇದ್ರೆ ಆ ಭಾಗ ಮಾತ್ರ ಬೇರೆ ಎತ್ತಿಡು, ಅದರ ವಿಷಯ ಆಮೇಲೆ ಹೇಳ್ತೀನಿ.

ಮುಖ್ಯವಾದ ಮಾತು, ಇದನ್ನ ಪುಡಿ ಮಾಡೋಕೆ ಹೋಗ್ಬೇಡ. ಎಲ್ಲರೂ ಮಾಡೋ ತಪ್ಪೇ ಅದು, ನಾನೂ ಮಾಡಿದೀನಿ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಇಂಥದ್ದೇ ಒಂದು ಗಡ್ಡೆ, ನಿಂಬೆಹಣ್ಣಿನ ಗಾತ್ರ ಇರಬಹುದು, ಮಿಕ್ಸಿಗೆ ಹಾಕಿ ತಿರುಗಿಸಿದೆ. ಕಟಕಟ ಅಂತು, ಒಂದ್ಸಲ ಕಿರ್‍ರ್ ಅಂತು, ನಿಂತೇ ಹೋಯ್ತು. ಜಾರಿನ ಬ್ಲೇಡ್ ಸೊಟ್ಟ, ಕೆಳಗಿನ ಕಪ್ಲರ್ ಹಲ್ಲು ಚೂರು ಚೂರು. ರಿಪೇರಿಯವನು ಜಾರ್ ಎತ್ತಿ ನೋಡಿ "ಜಲ್ಲಿ ರುಬ್ಬಿದ್ರಾ ಅಮ್ಮಾ?" ಅಂತ ಕೇಳ್ದ. ಹಬ್ಬದ ದಿನ ಚಟ್ನಿಗೆ ಪಕ್ಕದ ಮನೆ ಮಿಕ್ಸಿ.

ಕರಗಿಸೋ ಅಡುಗೆ ಇಷ್ಟೊಂದಿರುವಾಗ ಒಡೆಯೋ ಶ್ರಮ ಯಾಕೆ ಹೇಳು? ಪಾತ್ರೆಗೆ ಹಿಡಿಸೋ ಹಾಗಾದ್ರೆ ಸಾಕು. ಡಬ್ಬೀನ ಒಂದು ಹಳೇ ಪಂಚೆ ಮೇಲೆ ಬೋರಲು ಹಾಕು, ಬೆನ್ನ ಮೇಲೆ ನಾಲ್ಕು ಗುದ್ದು ಗುದ್ದು, ಬಂಡೆ ಇಡಿಯಾಗಿ ಜಾರಿ ಬೀಳತ್ತೆ. ಪಂಚೇಲಿ ಸುತ್ತಿ ನೆಲದ ಮೇಲಿಟ್ಟು ಗುಂಡುಕಲ್ಲಲ್ಲಿ ಎರಡೇಟು ಹಾಕು. ಮುಷ್ಟಿ ಗಾತ್ರ ಆದ್ರೆ ಆಯ್ತು. ಮಗು ಮಲಗಿರುವಾಗ ಮಾತ್ರ ಮಾಡ್ಬೇಡ, ಕೆಳಗಿನ ಮನೆಯವರೂ ಮೇಲೆ ಬರ್ತಾರೆ. ಕಾಫಿಗೆ ಬೇಕಾದ ಸಣ್ಣ ತುಂಡಿಗೆ ನಾನು ಅತ್ತೆಯ ಅಡಿಕೆ ಕತ್ತರಿ ಇಟ್ಕೊಂಡಿದೀನಿ. ಗಡ್ಡೆ ಅಂಚನ್ನ ಅದರ ಬಾಯಿಗೆ ಕೊಟ್ಟು ಒತ್ತಿದ್ರೆ ಟಕ್ ಅಂತ ಅಡಿಕೆ ಹೋಳಿನ ಹಾಗೇ ಬೀಳತ್ತೆ. ಎಲೆ ಹಾಕೋರು ಯಾರೂ ಉಳೀಲಿಲ್ಲ ಮನೇಲಿ, ಕತ್ತರಿಗಾದ್ರೂ ಕೆಲಸ ಸಿಕ್ತು.

ತಡಿ, ಕುಕ್ಕರ್ ಕೂಗ್ತಿದೆ... ಹಾಂ, ಬಂದೆ.

ಪಾಕದ ವಿಷಯಕ್ಕೆ ಬರ್ತೀನಿ. ಒಂದು ಕೆಜಿ ಗಡ್ಡೆಗೆ ಅರ್ಧ ಲೀಟರ್ ನೀರು. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ಪೂರ್ತಿ ಕರಗಲಿ, ಆಮೇಲೆ ಕುದೀಲಿ. ಗಡ್ಡೆ ತಳದಲ್ಲಿ ಕೂತಿರುವಾಗ ಉರಿ ಜೋರು ಮಾಡಿದ್ರೆ ಅಡಿ ಹಿಡಿಯತ್ತೆ. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ಸೌಟು ಹಾಕಿ ತಿರುಗಿಸದೆ ಸುಮ್ನೆ ನೋಡ್ತಿರು. ಹಾಲು ಒಡೆದು ಹತ್ತಿಯ ಹಾಗೆ ಮೇಲೆ ಬರತ್ತೆ, ಬರೋವಾಗ ಸಕ್ಕರೆಯಲ್ಲಿದ್ದ ಧೂಳು, ಗೋಣಿ ನಾರು, ಇರುವೆ ಕಾಲು ಎಲ್ಲ ಹಿಡ್ಕೊಂಡೇ ಬರತ್ತೆ. ಬೂದು ಬಣ್ಣದ ನೊರೆ ಪಾತ್ರೆ ಅಂಚಿಗೆ ಹೋಗಿ ಕೂರತ್ತೆ. ಅದನ್ನ ಜಾಲರಿ ಸೌಟಲ್ಲಿ ಎತ್ತಿ ಹಾಕಿ, ಇನ್ನೊಂದು ಚಮಚ ಹಾಲು ಹಾಕು. ಎರಡನೇ ಸಲ ನೊರೆ ಬೆಳ್ಳಗಿದ್ರೆ ಕೊಳೆ ಮುಗೀತು. ಮಲ್ ಬಟ್ಟೆಯಲ್ಲಿ ಸೋಸು. ಮೊದಲ ಸಲ ನೋಡೋವಾಗ ಅಸಹ್ಯ ಆಗತ್ತೆ, ಇಷ್ಟು ದಿನ ಇದನ್ನೆಲ್ಲ ಕಾಫಿಗೆ ಹಾಕ್ಕೊಂಡು ಕುಡಿದಿದೀವಾ ಅಂತ. ಕುಡಿದಿದೀವಿ, ಏನೂ ಆಗಿಲ್ಲ.

ಈ ಪಾಕಕ್ಕೆ ಕುದಿಯುವಾಗಲೇ ಅರ್ಧ ನಿಂಬೆಹಣ್ಣು ಹಿಂಡಿದ್ರೆ ಮತ್ತೆ ಹರಳುಗಟ್ಟೋದು ಕಮ್ಮಿ. ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗತ್ತಂತೆ, ಅವು ಒಳಗಿದ್ರೆ ಹರಳು ಕೂಡಿಕೊಳ್ಳೋಕೆ ಅಡ್ಡಿ. ಜಾಮೂನಿಗೆ ನಾನು ಇದನ್ನೇ ಮಾಡೋದು. ಆರಿದ ಪಾಕಕ್ಕೆ ಎಂಟು ಹತ್ತು ನಿಂಬೆಹಣ್ಣಿನ ರಸ ಹಾಕಿ ಬಾಟಲಿಗೆ ತುಂಬಿ ಫ್ರಿಜ್ಜಲ್ಲಿಟ್ರೆ ಬಂದವರಿಗೆ ಶರಬತ್ತು, ನೀರು ಬೆರೆಸೋದಷ್ಟೇ ಕೆಲಸ. ಒಂದ್ಸಲ ಬರೀ ಪಾಕವನ್ನೇ ಕಾಫಿಗೆ ಹಾಕಿ ಕೊಟ್ಟೆ. ನಿಮ್ಮ ದೊಡ್ಡಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ಡಿಕಾಕ್ಷನ್ ಏನಾಯ್ತು ಇವತ್ತು?" ಅಂದ್ರು. ಫಿಲ್ಟರ್ ಕಾಫಿ ತಂಟೆಗೆ ಹೋಗ್ಬೇಡ.

ಮುಂದೆ ಸಾಲಾಗಿ ಹಬ್ಬ ಬರ್ತಿದೆಯಲ್ಲೇ! ವರಮಹಾಲಕ್ಷ್ಮಿಗೆ ಕೊಬ್ಬರಿ ಮಿಠಾಯಿ, ಅಷ್ಟಮಿಗೆ ರವೆ ಉಂಡೆ, ಗಣೇಶನಿಗೆ ಬಾದುಷಾ. ಯಾವುದಕ್ಕೂ ಉದುರು ಸಕ್ಕರೆ ಬೇಡ. ಕೊಬ್ಬರಿ ಮಿಠಾಯಿಗೆ ಒಂದೆಳೆ ಪಾಕ ಬಂದಾಗ ತುರಿ ಹಾಕು. ಹೆಬ್ಬೆರಳು, ತೋರುಬೆರಳ ಮಧ್ಯೆ ಒಂದು ಹನಿ ಇಟ್ಟು ನಿಧಾನವಾಗಿ ಬಿಡಿಸಿದ್ರೆ ಒಂದು ದಾರ ಮುರೀದೆ ನಿಲ್ಲಬೇಕು. ಚಿರೋಟಿ ಮೇಲೆ ಉದುರಿಸೋಕೆ ಮಾತ್ರ ನುಣ್ಣನೆ ಪುಡಿ ಬೇಕು, ಅದಕ್ಕೆ ಹೊಸ ಸಕ್ಕರೆ ತಂದ್ಕೋ.

ಇನ್ನೂ ಉಳಿದ್ರೆ ಒಂದು ಕೆಜಿ ಗಡ್ಡೆ ಹಾಗೇ ಗಾಳಿಯಾಡದ ಡಬ್ಬೀಲಿಟ್ಟಿರು, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕೋಣ. ಮರದ ಅಚ್ಚು ನನ್ನ ಹತ್ರ ಇದೆ, ಗಿಳಿ, ಆನೆ, ತುಳಸಿಕಟ್ಟೆ. ಮೊದಲು ಅವನ್ನ ನೀರಲ್ಲಿ ನೆನೆಸ್ಬೇಕು, ಇಲ್ಲಾಂದ್ರೆ ಗಿಳಿ ಕೊಕ್ಕು ಅಚ್ಚಲ್ಲೇ ಉಳಿಯತ್ತೆ. ಗಾಂಧಿ ಬಜಾರಲ್ಲಿ ಮಾಡಿದ್ದೇ ಸಿಗತ್ತೆ, ಗೊತ್ತು. ಮಗುವಿನ ಮೊದಲ ಸಂಕ್ರಾಂತಿ, ಮನೇಲೇ ಆಗಲಿ. ಬಿಸಿಲು ಚೆನ್ನಾಗಿದ್ರೆ ಗುಲ್ಕನ್ ಕೂಡ ಮಾಡ್ಬಹುದಿತ್ತು, ಪನ್ನೀರು ಗುಲಾಬಿ ಎಸಳು ಒಂದು ಪದರ, ಸಕ್ಕರೆ ಒಂದು ಪದರ. ಈ ಮೋಡದಲ್ಲಿ ಆಗೋ ಮಾತಲ್ಲ. ವಿ.ವಿ. ಪುರಂಗೆ ಹೋಗಿ ತಿಂದ್ಕೊಂಡು ಬಾ.

ಈಗ ಆ ಬೇರೆ ಎತ್ತಿಟ್ಟ, ವಾಸನೆ ಬಂದ ಭಾಗ. ಅದಕ್ಕೆ ಬಯೋ ಎಂಜೈಮ್ ಸರಿ, ಅಂದ್ರೆ ಹಣ್ಣಿನ ಸಿಪ್ಪೆ ಕೊಳೆಸಿ ಮಾಡೋ ನೆಲ ಒರೆಸೋ ನೀರು. ಒಂದು ಪಾಲು ಸಕ್ಕರೆ, ಮೂರು ಪಾಲು ನಿಂಬೆ, ಮೋಸಂಬಿ ಸಿಪ್ಪೆ, ಹತ್ತು ಪಾಲು ನೀರು, ತೂಕದ ಲೆಕ್ಕ. ಬೆಲ್ಲ ಹಾಕೋದು ರೂಢಿ, ಸಕ್ಕರೆಯಲ್ಲೂ ಆಗತ್ತೆ. 300 ಗ್ರಾಂ ಸಕ್ಕರೆ ಹಾಕಿದ್ರೆ 900 ಗ್ರಾಂ ಸಿಪ್ಪೆ, 3 ಲೀಟರ್ ನೀರು. ಐದು ಲೀಟರ್ ಪ್ಲಾಸ್ಟಿಕ್ ಕ್ಯಾನ್ ತಗೋ, ಗಾಜಿಂದು ಬೇಡವೇ ಬೇಡ. ಮೊದಲ ತಿಂಗಳು ದಿನಾ ಮುಚ್ಚಳ ತಿರುಗಿಸಿ ಗ್ಯಾಸ್ ಬಿಡ್ಬೇಕು. ನಾನು ಮೂರು ದಿನ ತಿರುಪತಿಗೆ ಹೋಗಿದ್ದೆ ಅಷ್ಟೇ, ಬಂದು ನೋಡಿದ್ರೆ ಯುಟಿಲಿಟಿ ಸೂರಿನ ಮೇಲೆಲ್ಲ ಮೋಸಂಬಿ ಸಿಪ್ಪೆ ಅಂಟಿದೆ, ಮುಚ್ಚಳ ಇವತ್ತಿಗೂ ಸಿಕ್ಕಿಲ್ಲ. ಮೂರು ತಿಂಗಳಾದ್ಮೇಲೆ ಸೋಸಿ ನೀರು ಬೆರೆಸಿ ನೆಲ ಒರೆಸೋಕೆ, ಸಿಂಕ್ ತೊಳೆಯೋಕೆ ಇಟ್ಕೋ.

ಭಾವನ ಪಟ್ಟಿಯಲ್ಲಿ ನನಗೆ ಸರಿ ಅನ್ಸಿದ್ದು ಒಂದಿದೆ. ಬಾಳೆಕಾಯಿ, ಬಾಳೆಹೂ ಹೆಚ್ಚಿದ ಮೇಲೆ ಕೈಗೆ ಕಪ್ಪು ಹಿಡಿಯತ್ತಲ್ಲ, ಒಂದು ಚಮಚ ಸಕ್ಕರೆಗೆ ಎಣ್ಣೆ ಹಾಕಿ ಉಜ್ಜಿದ್ರೆ ಚೆನ್ನಾಗಿ ಹೋಗತ್ತೆ. ಹಿಮ್ಮಡಿಗೂ ಆದೀತು. ಮುಖಕ್ಕೆ ಬೇಡ, ಹರಳಿನ ಅಂಚು ಗೀರತ್ತೆ. ಬಿಸ್ಕತ್ ಡಬ್ಬೀಲಿ ಸಕ್ಕರೆ ತುಂಡು ಇಟ್ರೆ ಗರಿಗರಿ ಇರತ್ತೆ ಅಂತಾನೂ ಬರೆದಿದ್ರು. ಮಳೆಗಾಲ ಪೂರ್ತಿ ಇಟ್ಟು ನೋಡಿದೀನಿ, ಬಿಸ್ಕತ್ತೂ ಮೆತ್ತಗಾಯ್ತು.

ಇರುವೆಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಎಂಟು ಚಮಚ ಸಕ್ಕರೆ, ಅರ್ಧ ಚಮಚ ಬೋರಿಕ್ ಪೌಡರ್ ಹಾಕಿ ಹತ್ತಿ ಅದ್ದಿ ಇಡ್ತಾರೆ. ಪೌಡರ್ ಜಾಸ್ತಿ ಹಾಕಿದ್ರೆ ಇರುವೆ ದಾರೀಲೇ ಸಾಯತ್ತೆ, ಗೂಡಿನವರೆಗೆ ಒಯ್ಯಲ್ಲ, ಅದಕ್ಕೇ ಅಷ್ಟು ಕಮ್ಮಿ. ಆದ್ರೆ ನೀನು ಈಗ ಮಾಡ್ಬೇಡ. ಇನ್ನು ನಾಲ್ಕು ತಿಂಗಳಿಗೆ ಮಗು ಅಂಬೆಗಾಲಿಡತ್ತೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಹಾಗೇ ಮಗುಗೆ ಸಕ್ಕರೆ ನೀರು ಕುಡಿಸು ಅಂತ ಯಾರು ಹೇಳಿದ್ರೂ ಕೇಳ್ಬೇಡ, ಆರು ತಿಂಗಳು ಎದೆಹಾಲಷ್ಟೇ.

ಹಾಂ, ಕೇಕಿಗೆ ಅಂತ ತಂದ ಕಂದು ಸಕ್ಕರೆ ಪ್ಯಾಕೆಟ್ಟೂ ಕಲ್ಲಾಗಿದೆ ಅಂದ್ಯಲ್ಲ, ಅದರ ರೋಗ ಉಲ್ಟಾ. ಅದರ ಮೈಗೆ ಹತ್ತಿರೋ ಕಾಕಂಬಿ, ಅಂದ್ರೆ ಕಬ್ಬಿನ ಕಪ್ಪು ಪಾಕ, ಒಣಗಿ ಗಟ್ಟಿಯಾಗೋದು. ಬಿಳಿಯದಕ್ಕೆ ತೇವ ತಾಗಿಸ್ಬಾರ್ದು, ಇದಕ್ಕೆ ತೇವ ಕೊಡ್ಬೇಕು. ಒಂದು ಬ್ರೆಡ್ ಸ್ಲೈಸ್ ಜೊತೆಗಿಟ್ಟು ಡಬ್ಬಿ ಬಿಗಿಯಾಗಿ ಮುಚ್ಚು, ನಾಳೆಗೆ ಮೆತ್ತಗಾಗತ್ತೆ.

ಇನ್ಮೇಲೆ ಸಕ್ಕರೆ ಡಬ್ಬಿ ಒಲೆ ಮೇಲಿನ ಶೆಲ್ಫಲ್ಲಿ ಇಡ್ಬೇಡ, ಇಡ್ಲಿ ಹಬೆ ಎಲ್ಲ ಅಲ್ಲಿಗೇ ಏರೋದು. ಲವಂಗ ಹಾಕಿದ್ರೆ ಇರುವೆ ಬರಲ್ಲ ಅಂತಾರೆ. ನಾನೂ ಹಾಕ್ತೀನಿ, ನಮ್ಮನೆ ಇರುವೆಗಳಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಮತ್ತೆ ಐದು ಕೆಜಿ ಮೂಟೆ ಯಾಕೆ ತರ್ತೀರಾ? ನಿಮ್ಮಾವನಿಗೂ ಅತ್ತೆಗೂ ಸಕ್ಕರೆ ಕಾಯಿಲೆ, ನೀನು ಕುಡಿಯೋದು ಗ್ರೀನ್ ಟೀ. ಒಂದೊಂದು ಕೆಜಿ ತಗೋ.

ಸರಿ, ಹಿಟ್ಟು ಒಣಗ್ತಿದೆ. ಲೋಟದ ನೀರು ತಿಳಿಯಾಯ್ತಾ ಇಲ್ವಾ, ಅದೊಂದು ಫೋಟೋ ಹಾಕು. ಭಾನುವಾರ ಬರೋವಾಗ ಎರಡು ಗಡ್ಡೆ ತಗೊಂಡ್ ಬಾ, ಅಡಿಕೆ ಕತ್ತರಿ ಹೇಗೆ ಹಿಡಿಯೋದು ತೋರಿಸ್ತೀನಿ. ಹೋದ ಸಲ ಹೋಳಿಗೆ ಕಟ್ಟಿ ಕೊಟ್ಟಿದ್ದ ನನ್ನ ನೀಲಿ ಮುಚ್ಚಳದ ಡಬ್ಬೀನೂ ತಾ.