ಝೂಗ ಲಿಯಾಂಗ್‌ಗೆ 'ಮಲಗಿದ ಡ್ರ್ಯಾಗನ್' ಅಂತ ಹೆಸರಿಟ್ಟವರು ಯಾರು?

ರಾತ್ರಿಪಾಳಿ:
ಚೀನಾದ ಮೂರು ರಾಜ್ಯಗಳ ಕಾಲದ ಗೇಮ್ ಒಂದನ್ನ ಎರಡು ವಾರದಿಂದ ಆಡ್ತಿದ್ದೀನಿ. ಝೂಗ ಲಿಯಾಂಗ್‌ನ ಚಿತ್ರದ ಕೆಳಗೆ 'ವೋಲೋಂಗ್' ಅಂತಿದೆ. ಮಲಗಿದ ಡ್ರ್ಯಾಗನ್ ಅಂತ ಅರ್ಥವಂತೆ. ಅಷ್ಟು ದೊಡ್ಡ ತಂತ್ರಗಾರನಿಗೆ ಕುಂಭಕರ್ಣನ ಥರದ ಹೆಸರು ಯಾಕೆ? ಅವನಿದ್ದ ಗುಡ್ಡದ ಹೆಸರೇ ಅದು ಅಂತಾನೆ ನನ್ನ ಗೆಳೆಯ. ಹೌದಾ?

ಹಳೇಹೊತ್ತಿಗೆ:
ನಿಮ್ಮ ಗೆಳೆಯ ಆ ಕಾಲದ ಕಥೆ ಹೇಳೋ ಚೀನೀ ಕಾದಂಬರಿ ಓದಿರಬೇಕು. ಗುಡ್ಡದ ಕಥೆ ಇರೋದು ಅದರಲ್ಲಿ, ಅದೋ ಸಾವಿರ ವರ್ಷ ಆಮೇಲೆ ಬಂದದ್ದು. 3ನೇ ಶತಮಾನದಲ್ಲಿ ಚೆನ್ ಶೋ ಬರೆದ ಇತಿಹಾಸದಲ್ಲಿ ಶೂ ಶು ಎಂಬಾತ ತನ್ನ ದಂಡನಾಯಕ ಲಿಯು ಬೆಯ್‌ಗೆ 'ಅವನು ಮಲಗಿದ ಡ್ರ್ಯಾಗನ್, ನೋಡ್ತೀರಾ?' ಅಂತ ಕೇಳ್ತಾನೆ, ಅಷ್ಟೇ. ಹೆಸರಿಟ್ಟವರು ಯಾರು ಅನ್ನೋದು ಆ ಗ್ರಂಥಕ್ಕೆ ಪೆಯ್ ಸೋಂಗ್‌ಜಿ 429ರಲ್ಲಿ ಮುಗಿಸಿದ ಟಿಪ್ಪಣಿಯಲ್ಲಿದೆ: ಶಿಯಾಂಗ್‌ಯಾಂಗ್ ಕಡೆಯ ಹಿರಿಯ ಪಾಂಗ್ ದೆಗೋಂಗ್. ಒಬ್ಬನಿಗಲ್ಲ, ಮೂವರಿಗೆ ಇಟ್ಟಿದ್ದಾರೆ ಮಹಾರಾಯರು! ತಮ್ಮ ಸಂಬಂಧಿ ಪಾಂಗ್ ತೋಂಗ್‌ಗೆ 'ಫೀನಿಕ್ಸ್ ಮರಿ', ಸಿಮಾ ಹುಯಿಗೆ 'ನೀರಗನ್ನಡಿ'.

ಮಲಗಿದ ಅಂದ್ರೆ ಸೋಮಾರಿ ಅಂತಲ್ಲ. ಅದೇ ಟಿಪ್ಪಣಿಯಲ್ಲಿ 'ಫುಲೋಂಗ್' ಅಂತಲೂ ಬರುತ್ತೆ, ಹುದುಗಿ ಕೂತ ಡ್ರ್ಯಾಗನ್. ನನಗೆ ಇಷ್ಟವಾಗೋದು ಏನಂದ್ರೆ, 207ರಲ್ಲಿ ಲಿಯು ಬೆಯ್ ಮನೆಬಾಗಿಲಿಗೆ ಬಂದಾಗ ಝೂಗ ಲಿಯಾಂಗ್‌ಗೆ ಇಪ್ಪತ್ತಾರರ ಆಸುಪಾಸು. ಹೊಲ ಉಳ್ಕೊಂಡಿದ್ದ. ದಂಡು ನಡೆಸಿದ್ದಿಲ್ಲ, ಪದವಿ ಇಲ್ಲ. ಹೆಸರು ಮಾತ್ರ ಆಗಲೇ ಬಂದುಬಿಟ್ಟಿತ್ತು.

ದಾರಿಹೋಕ:
ಆದ್ರೆ ಹೆನಾನ್‌ನ ನಾನ್‌ಯಾಂಗ್‌ನಲ್ಲಿ ಈಗಲೂ ವೋಲೋಂಗ್ ಗುಡ್ಡ ಇದೆಯಲ್ಲ ಸರ್? 227ರ ಮನವಿಪತ್ರದಲ್ಲಿ 'ನಾನ್‌ಯಾಂಗ್‌ನಲ್ಲಿ ಉಳುತ್ತಿದ್ದೆ' ಅಂತ ಆತನೇ ಬರೆದಿದ್ದಾನೆ.

ಹಳೇಹೊತ್ತಿಗೆ:
ಬರೆದಿದ್ದಾನೆ, ಜಗಳ ಇರೋದೇ ಅಲ್ಲಿ. ಮನೆ ಇದ್ದದ್ದು ಶಿಯಾಂಗ್‌ಯಾಂಗ್‌ನಿಂದ ಪಶ್ಚಿಮಕ್ಕೆ 20 'ಲಿ' (ಚೀನಾದ ದೂರದ ಅಳತೆ) ದೂರದ ಲೋಂಗ್‌ಜೋಂಗ್‌ನಲ್ಲಿ, ಅದು ಆಗ ನಾನ್‌ಯಾಂಗ್ ಪ್ರಾಂತಕ್ಕೆ ಸೇರಿತ್ತು ಅಂತ ಹಳೆಯ ದಾಖಲೆ ಇದೆ. ಎರಡೂ ಊರಿನವರು ನಮ್ಮವನು ಅಂತ ಇವತ್ತಿಗೂ ಎಳೆದಾಡ್ತಾರೆ. ನನ್ನ ಮತ ಲೋಂಗ್‌ಜೋಂಗ್‌ಗೆ. ಗುಡ್ಡಕ್ಕೆ ಹೆಸರು ಅವನಿಂದ ಬಂದಿರಬೇಕು ಅನ್ಸುತ್ತೆ.

ರಾತ್ರಿಪಾಳಿ:
ಥ್ಯಾಂಕ್ಸ್ ಸರ್. ಫೀನಿಕ್ಸ್ ಮರಿ ನನ್ನ ಸೈನ್ಯದಲ್ಲೇ ಇದ್ದಾನೆ, ಯಾರು ಅಂತ ಗೊತ್ತಿರಲಿಲ್ಲ.

ಹಳೇಹೊತ್ತಿಗೆ:
ಲುವೋ ಕೋಟೆ ಮುತ್ತಿಗೆಗೆ ಮಾತ್ರ ಅವನನ್ನ ಕಳಿಸಬೇಡಿ. 214ರಲ್ಲಿ ಅಲ್ಲೇ ಬಾಣ ತಾಗಿ ಸತ್ತ, ಪಾಪ.